ಹಳೆಯ 72 ಮೆಗಾಹರ್ಟ್ಸ್ ಚಿಪ್ ಎಂದೂ ತಪ್ಪಿಸದ ಗಡುವನ್ನು ಹೊಸ 480 ಮೆಗಾಹರ್ಟ್ಸ್ ಚಿಪ್ ಏಕೆ ತಪ್ಪಿಸುತ್ತಿದೆ?

ಪವರ್_ಬೋರ್ಡ್
ಎಲ್ಲರಿಗೂ ನಮಸ್ಕಾರ. ಮೂರು ವಾರಗಳಿಂದ ನನ್ನನ್ನು ಕಾಡುತ್ತಿರುವ ತೊಂದರೆಯೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಾವು ಬ್ಯಾಟರಿ ಚಾರ್ಜರ್‌ಗಳಿಗೆ ಬೇಕಾದ ಡಿಸಿ-ಡಿಸಿ ಕನ್ವರ್ಟರ್ (ಒಂದು ಡಿಸಿ ವೋಲ್ಟೇಜನ್ನು ಇನ್ನೊಂದಕ್ಕೆ ಬದಲಿಸುವ ಸಾಧನ) ತಯಾರಿಸುತ್ತೇವೆ. ಪ್ರತಿ 10 ಮೈಕ್ರೋಸೆಕೆಂಡಿಗೊಮ್ಮೆ ಎಡಿಸಿಯು (ಅನಲಾಗ್ ಬೆಲೆಯನ್ನು ಅಂಕಿಯಾಗಿಸುವ ಘಟಕ) ಕರೆಂಟನ್ನು ಅಳೆದು, ಪ್ರೊಸೆಸರ್ ಕೈಯಲ್ಲಿರುವ ಕೆಲಸ ಬಿಟ್ಟು ಬರುವಂತೆ ಇಂಟರಪ್ಟ್ ಕೊಡುತ್ತದೆ. ಆ ಇಂಟರಪ್ಟಿನ ಫಂಕ್ಷನ್ ತನ್ನ ಲೆಕ್ಕ ಮುಗಿಸಿ, ಮುಂದಿನ ಸುತ್ತು ಆರಂಭವಾಗುವುದರೊಳಗೆ ಕನ್ವರ್ಟರಿನ ಸ್ವಿಚ್ ಎಷ್ಟು ಹೊತ್ತು ಆನ್ ಇರಬೇಕೆಂದು ಹೇಳುವ ಪಿಡಬ್ಲ್ಯುಎಂ ರಿಜಿಸ್ಟರಿಗೆ ಹೊಸ ಬೆಲೆಯನ್ನು ಬರೆಯಬೇಕು. ಹಳೆಯ ಬೋರ್ಡಿನಲ್ಲಿ 72 ಮೆಗಾಹರ್ಟ್ಸ್‌ನ ಕಾರ್ಟೆಕ್ಸ್-ಎಂ3 ಚಿಪ್ ಇತ್ತು. ಅದರಲ್ಲಿ ಈ ಕೆಲಸಕ್ಕೆ 8.1ರಿಂದ 8.3 ಮೈಕ್ರೋಸೆಕೆಂಡ್ ಹಿಡಿಯುತ್ತಿತ್ತು. ಆರು ವರ್ಷಗಳಲ್ಲಿ ಒಮ್ಮೆಯೂ ಅದು ಗಡುವು ಮೀರಿದ್ದನ್ನು ನಾನು ನೋಡಿಲ್ಲ.

ಈಗ ಬಣ್ಣದ ಡಿಸ್‌ಪ್ಲೇ, ಈಥರ್ನೆಟ್ ಎಲ್ಲವೂ ಬೇಕೆಂದು ಕಾರ್ಟೆಕ್ಸ್-ಎಂ7 ಕೋರ್ ಇರುವ 480 ಮೆಗಾಹರ್ಟ್ಸ್ ಚಿಪ್‌ಗೆ ಬಂದಿದ್ದೇವೆ. ಅದೇ ಸಿ ಕೋಡ್ ಇಲ್ಲಿ ಸಾಮಾನ್ಯವಾಗಿ 1.3 ಮೈಕ್ರೋಸೆಕೆಂಡಿನಲ್ಲಿ ಮುಗಿಯುತ್ತದೆ. ಆದರೆ ಗಂಟೆಗೆ ಒಂದೆರಡು ಬಾರಿ 11.5 ಮೈಕ್ರೋಸೆಕೆಂಡಿನವರೆಗೆ ಹೋಗಿ, ಗಡುವು ಮೀರಿ, ರಕ್ಷಣಾ ಸರ್ಕ್ಯೂಟ್ ಕನ್ವರ್ಟರನ್ನೇ ನಿಲ್ಲಿಸಿಬಿಡುತ್ತದೆ. ಆರೇಳು ಪಟ್ಟು ವೇಗದ ಪ್ರೊಸೆಸರ್ ಹಾಕಿದ ಮೇಲೆ ಹೀಗಾಗುವುದು ನನಗೆ ಅರ್ಥವಾಗುತ್ತಿಲ್ಲ. ಎಲ್ಲಿ ಹುಡುಕಬೇಕು?

ಲಿಂಕರ್_ಸ್ಕ್ರಿಪ್ಟ್
ಮೊದಲು ಒಂದೇ ಪ್ರಶ್ನೆ: ಆ ಫಂಕ್ಷನ್ ಯಾವ ಮೆಮೊರಿಯಿಂದ ಓಡುತ್ತಿದೆ?

ಪವರ್_ಬೋರ್ಡ್
ಚಿಪ್‌ನೊಳಗಿನ ಫ್ಲಾಶ್ ಕೇವಲ 128 ಕಿಲೋಬೈಟ್ ಇರುವುದರಿಂದ ಬೂಟ್‌ಲೋಡರ್ ಮಾತ್ರ ಅಲ್ಲಿದೆ. ಉಳಿದ ಕೋಡ್ ಎಲ್ಲವೂ ಹೊರಗಿನ ಕ್ವಾಡ್ ಎಸ್‌ಪಿಐ ಫ್ಲಾಶ್‌ನಲ್ಲಿದೆ. ಇನ್‌ಸ್ಟ್ರಕ್ಷನ್ ಕ್ಯಾಶ್ ಮತ್ತು ಡೇಟಾ ಕ್ಯಾಶ್ (ಇತ್ತೀಚೆಗೆ ಬಳಸಿದ್ದನ್ನು ಪ್ರೊಸೆಸರಿನ ಪಕ್ಕದಲ್ಲೇ ಇಟ್ಟುಕೊಳ್ಳುವ ಸಣ್ಣ, ವೇಗದ ಮೆಮೊರಿ) ಎರಡನ್ನೂ ಆನ್ ಮಾಡಿದ್ದೇವೆ.

ಲಿಂಕರ್_ಸ್ಕ್ರಿಪ್ಟ್
ಹಾಗಿದ್ದರೆ ಲೆಕ್ಕ ಹಾಕೋಣ. ಕ್ಯಾಶ್ ತುಂಬುವುದು ಸಾಲು ಸಾಲಾಗಿ, ಎಂ7ನಲ್ಲಿ ಒಂದು ಸಾಲು 32 ಬೈಟ್. ಬೇಕಾದ ಸಾಲು ಕ್ಯಾಶ್‌ನಲ್ಲಿ ಇಲ್ಲದಿದ್ದರೆ ಹೊರಗಿನ ಫ್ಲಾಶ್‌ಗೆ ಕಮಾಂಡ್, ವಿಳಾಸ ಮತ್ತು ಡಮ್ಮಿ ಸೈಕಲ್‌ಗಳಿಗಾಗಿ ಸುಮಾರು 20 ಕ್ಲಾಕ್ ಹೋಗುತ್ತವೆ. ಆಮೇಲೆ ನಾಲ್ಕು ತಂತಿಗಳ ಮೇಲೆ 32 ಬೈಟ್ ಬರಲು 64 ಕ್ಲಾಕ್ ಬೇಕು. ಎಸ್‌ಪಿಐ ಕ್ಲಾಕ್ 100 ಮೆಗಾಹರ್ಟ್ಸ್ ಎಂದಿಟ್ಟುಕೊಂಡರೆ ಒಂದು ಸಾಲಿಗೆ ಹತ್ತಿರ ಹತ್ತಿರ 0.85 ಮೈಕ್ರೋಸೆಕೆಂಡ್, ಅಂದರೆ ನಿಮ್ಮ ಪ್ರೊಸೆಸರಿನ 400 ಸೈಕಲ್‌ಗಳು. ಡಿಸ್‌ಪ್ಲೇ ಅಥವಾ ಈಥರ್ನೆಟ್ ಕೋಡ್ ಓಡಿ ನಿಮ್ಮ ಫಂಕ್ಷನ್ನಿನ ಹನ್ನೆರಡು ಸಾಲುಗಳನ್ನು ಕ್ಯಾಶ್‌ನಿಂದ ಹೊರದಬ್ಬಿದರೆ ಸಾಕು, 1.3ಕ್ಕೆ ಇನ್ನೊಂದು 10 ಮೈಕ್ರೋಸೆಕೆಂಡ್ ಸೇರಿಕೊಳ್ಳುತ್ತದೆ. ನೀವು ಕಂಡಿರುವ 11.5 ಇದೇ ಎಂದು ನನಗೆ ತೋರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಫಂಕ್ಷನ್ ಒಟ್ಟು ಎಷ್ಟು ದೊಡ್ಡದು?

ಪವರ್_ಬೋರ್ಡ್
ಮ್ಯಾಪ್ ಫೈಲ್ (ಯಾವ ಕೋಡ್ ಎಲ್ಲಿದೆ, ಎಷ್ಟಿದೆ ಎಂದು ಲಿಂಕರ್ ಕೊಡುವ ಪಟ್ಟಿ) ನೋಡಿದೆ, 1536 ಬೈಟ್ ಇದೆ.

ಲಿಂಕರ್_ಸ್ಕ್ರಿಪ್ಟ್
ಅಂದರೆ 48 ಸಾಲುಗಳು. ಎಲ್ಲವೂ ಒಟ್ಟಿಗೆ ಹೊರಹೋಗಿದ್ದ ದಿನ 40 ಮೈಕ್ರೋಸೆಕೆಂಡ್ ದಾಟುತ್ತದೆ. ನೀವು ಇದುವರೆಗೆ ಕಂಡ 11.5 ಅತಿ ಕೆಟ್ಟ ಸಂದರ್ಭವಲ್ಲ, ಇದುವರೆಗೆ ಕಂಡದ್ದರಲ್ಲಿ ಕೆಟ್ಟದ್ದು ಅಷ್ಟೇ. ಇವೆರಡರ ನಡುವಿನ ಅಂತರವನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ.

ಹೊಸಬ_1
ಕ್ಯಾಶ್ ಆಫ್ ಮಾಡಿದರೆ ಸಮಯ ಸ್ಥಿರವಾಗುತ್ತದಲ್ಲವೇ?

ನಿಧಾನವೇ_ಪ್ರಧಾನ
ಸ್ಥಿರವಾಗುತ್ತದೆ, ಆದರೆ ಪ್ರತಿ ಬಾರಿಯೂ ಗಡುವಿನಾಚೆ ಸ್ಥಿರವಾಗುತ್ತದೆ. ಮುಂಚಿತವಾಗಿ ಹೇಳಬಲ್ಲ ಸಮಯ ಎಂದರೆ ಸಾಲದು, ಆ ಸಮಯ ಗಡುವಿನೊಳಗೂ ಇರಬೇಕು. ಇವರಿಗೆ ಬೇಕಾಗಿರುವುದು ಕ್ಯಾಶ್‌ನ ಹಂಗಿಲ್ಲದೆ ಸೊನ್ನೆ ಕಾಯುವಿಕೆಯಲ್ಲಿ ಸಿಗುವ ಮೆಮೊರಿ. ಎಂ7ನಲ್ಲಿ ಅದಕ್ಕೆಂದೇ ಕೋರ್ ಜೊತೆ ನೇರವಾಗಿ ಜೋಡಿಸಿದ ಟಿಸಿಎಂ ಎಂಬ ಮೆಮೊರಿ ಇದೆ: ಕೋಡ್‌ಗೆ ಐಟಿಸಿಎಂ, ಡೇಟಾಗೆ ಡಿಟಿಸಿಎಂ. ಕಂಟ್ರೋಲ್ ಫಂಕ್ಷನ್ನನ್ನು ಲಿಂಕರ್ ಸ್ಕ್ರಿಪ್ಟಿನಲ್ಲಿ (ಯಾವ ಕೋಡ್ ಯಾವ ಮೆಮೊರಿಗೆ ಎಂದು ಹೇಳುವ ಫೈಲ್) ಪ್ರತ್ಯೇಕ ಸೆಕ್ಷನ್ ಮಾಡಿ, ಬೂಟ್ ಆಗುವಾಗ ಐಟಿಸಿಎಂಗೆ ಪ್ರತಿ ಮಾಡಿ. ಒಂದು ಎಚ್ಚರಿಕೆ: ಪ್ರೊಸೆಸರಿನ ನೆರವಿಲ್ಲದೆ ಡೇಟಾ ಸಾಗಿಸುವ ಸಾಮಾನ್ಯ ಡಿಎಂಎಗೆ ಟಿಸಿಎಂ ತಲುಪಲಾಗದ ಚಿಪ್‌ಗಳೂ ಇವೆ, ಎಡಿಸಿ ಬಫರನ್ನು ಅಲ್ಲಿಡುವ ಮೊದಲು ಮ್ಯಾನ್ಯುಯಲ್ ಓದಿಕೊಳ್ಳಿ.

ಫೀಲ್ಡ್_ಎಂಜಿನಿಯರ್
ಎಲ್ಲರೂ ಸೇರಿ ಇದನ್ನು ಬೇಕಾದದ್ದಕ್ಕಿಂತ ಜಟಿಲ ಮಾಡುತ್ತಿದ್ದೀರಿ ಎಂದು ನನಗನ್ನಿಸುತ್ತದೆ. ನಾನು ಹದಿನೈದು ವರ್ಷಗಳಿಂದ ಮೋಟಾರ್ ಡ್ರೈವ್‌ಗಳ ಕೆಲಸ ಮಾಡುತ್ತಿದ್ದೇನೆ. ಫಂಕ್ಷನ್ನಿನ ಆರಂಭದಲ್ಲಿ ಒಂದು ಪಿನ್ ಮೇಲೆತ್ತುವುದು, ಕೊನೆಯಲ್ಲಿ ಇಳಿಸುವುದು, ಆಸಿಲೋಸ್ಕೋಪಿನಲ್ಲಿ ಹಳೆಯ ಗೆರೆಗಳು ಅಳಿಯದಂತೆ ಪರ್ಸಿಸ್ಟೆನ್ಸ್ ಹಾಕಿ ಎರಡು ದಿನ ಓಡಿಸುವುದು, ಕಂಡ ಗರಿಷ್ಠಕ್ಕೆ ಶೇಕಡಾ 20 ಸೇರಿಸುವುದು. ಈ ವಿಧಾನದಲ್ಲಿ ಮಾಡಿದ ನೂರಾರು ಡ್ರೈವ್‌ಗಳು ಇಂದಿಗೂ ಓಡುತ್ತಿವೆ. ಅಳತೆಯನ್ನು ನಂಬದೆ ಮತ್ತೇನನ್ನು ನಂಬಬೇಕು?

ತುಮಕೂರು_ಟೈಮರ್
ಸರ್, ನಿಮ್ಮ ಅನುಭವವನ್ನು ಗೌರವಿಸುತ್ತಲೇ ಎರಡು ತಿದ್ದುಪಡಿಗಳನ್ನು ಹೇಳುತ್ತೇನೆ. ಫಂಕ್ಷನ್ನಿನ ಒಳಗೆ ಪಿನ್ ಎತ್ತಿದರೆ, ಅದಕ್ಕೂ ಮೊದಲು ಕಳೆದ ಸಮಯ ನಿಮ್ಮ ಸ್ಕೋಪಿಗೆ ಕಾಣುವುದೇ ಇಲ್ಲ. ಯಾವ ಇಂಟರಪ್ಟಿಗೆ ಯಾವ ಫಂಕ್ಷನ್ ಎಂದು ಹೇಳುವ ವೆಕ್ಟರ್ ಟೇಬಲ್ ಹೊರಗಿನ ಫ್ಲಾಶ್‌ನಲ್ಲಿದ್ದರೆ ಅದನ್ನು ಓದಲು ಒಂದು ಕಾಯುವಿಕೆ, ಫಂಕ್ಷನ್ನಿನ ಮೊದಲ ಸಾಲನ್ನು ತರಲು ಇನ್ನೊಂದು, ಬೇರೆ ಯಾರೋ ಇಂಟರಪ್ಟ್ ಮುಚ್ಚಿಟ್ಟಿದ್ದರೆ ಅದು ಮಗದೊಂದು. ಅಳೆಯುವುದಾದರೆ ಎಡಿಸಿಯನ್ನು ಎಬ್ಬಿಸುವ ಟೈಮರಿನ ಅಂಚಿನಿಂದ, ಪಿಡಬ್ಲ್ಯುಎಂ ರಿಜಿಸ್ಟರ್ ಬರೆದು ಮುಗಿಯುವವರೆಗೆ ಅಳೆಯಬೇಕು.

ಎರಡನೆಯದು ಲೆಕ್ಕಕ್ಕೆ ಸಂಬಂಧಿಸಿದ್ದು. ಸೆಕೆಂಡಿಗೆ ಒಂದು ಲಕ್ಷ ಬಾರಿ ಓಡುವ ಫಂಕ್ಷನ್ ದಿನಕ್ಕೆ 864 ಕೋಟಿ ಬಾರಿ ಓಡುತ್ತದೆ. ಕೋಟಿಗೊಮ್ಮೆ ಮಾತ್ರ ಘಟಿಸುವ ಸಂಗತಿ ಇಲ್ಲಿ ದಿನಕ್ಕೆ 864 ಬಾರಿ ಘಟಿಸಬಹುದು. ನಿಮ್ಮ ಎರಡು ದಿನಗಳ ಪರೀಕ್ಷೆಯಲ್ಲಿ ಕಾಣದ್ದು ಗ್ರಾಹಕರ ಶೆಡ್ಡಿನಲ್ಲಿ ಮೂರನೆಯ ದಿನ ಕಾಣುವುದಿಲ್ಲವೆಂದು ಯಾವ ಆಧಾರದ ಮೇಲೆ ಹೇಳುತ್ತೀರಿ?

ಫೀಲ್ಡ್_ಎಂಜಿನಿಯರ್
ಟೈಮರಿನ ಅಂಚಿನಿಂದ ಅಳೆಯಬೇಕೆನ್ನುವುದನ್ನು ಒಪ್ಪುತ್ತೇನೆ. ಎರಡನೆಯದನ್ನು ಪೂರ್ತಿಯಾಗಿ ಒಪ್ಪಲಾರೆ. ನಾನು ಹೇಳಿದ ಡ್ರೈವ್‌ಗಳಲ್ಲಿ ಕ್ಯಾಶ್ ಇಲ್ಲದ ಸರಳ ಚಿಪ್‌ಗಳಿದ್ದವು, ಅಲ್ಲಿ ಅಳತೆ ಸುಳ್ಳು ಹೇಳಿದ್ದಿಲ್ಲ.

ತುಮಕೂರು_ಟೈಮರ್
ಹಾಗಾದರೆ ನಮ್ಮಿಬ್ಬರ ಮಾತೂ ಒಂದೇ. ಸರಳ ಚಿಪ್‌ನಲ್ಲಿ ದಾರಿ ಒಂದೇ ಆದರೆ ಸಮಯವೂ ಒಂದೇ. ಅಲ್ಲಿ ನಂಬಿಕೆ ಬಂದದ್ದು ಚಿಪ್‌ನ ಗುಣದಿಂದ. ಪಿನ್ ಎತ್ತಿಳಿಸುವ ವಿಧಾನ ಅದನ್ನು ತೋರಿಸಿಕೊಟ್ಟಿತು, ಅಷ್ಟೇ.

ಸಾರ್‌ಬ್ರೂಕನ್_ಕನ್ನಡಿಗ
ನಾನಿರುವ ಊರಿನಲ್ಲಿ ಈ ವಿಷಯವನ್ನು ಹಲವು ದಶಕಗಳಿಂದ ಅಧ್ಯಯನ ಮಾಡುತ್ತಿದ್ದಾರೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಇಲ್ಲಿನ ಸಾರ್ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೈನ್‌ಹಾರ್ಡ್ ವಿಲ್ಹೆಲ್ಮ್ ಅವರ ಗುಂಪು, ಪ್ರೋಗ್ರಾಮನ್ನು ಓಡಿಸದೆಯೇ ಅದರ ಗರಿಷ್ಠ ಕಾಲವನ್ನು ಕಂಡುಹಿಡಿಯುವ ವಿಧಾನಗಳನ್ನು ಬೆಳೆಸಿತು. ಅಲ್ಲಿಂದ ಹೊರಬಂದ ಆಬ್ಸಿಂಟ್ ಸಂಸ್ಥೆಯ ಎಐಟಿ ಎಂಬ ಉಪಕರಣವನ್ನು ಏರ್‌ಬಸ್ ಎ380 ವಿಮಾನದ ಹಾರಾಟ ನಿಯಂತ್ರಣ ಸಾಫ್ಟ್‌ವೇರಿಗೆ ಬಳಸಿದ್ದಾರೆ. ಉಪಕರಣವು ಬೈನರಿಯನ್ನು ಓದಿ, ಪ್ರತಿ ಜಾಗದಲ್ಲೂ ಕ್ಯಾಶ್‌ನೊಳಗೆ ಖಂಡಿತವಾಗಿ ಏನಿದೆ ಎಂದು ತರ್ಕಿಸುತ್ತದೆ. ಖಂಡಿತ ಎನ್ನಲಾಗದ್ದನ್ನೆಲ್ಲ ಇಲ್ಲವೆಂದೇ ಎಣಿಸಿ ಮೇಲ್ಮಿತಿ ಕೊಡುತ್ತದೆ.

ಇಲ್ಲಿ ಪ್ರೊಸೆಸರ್ ವಿನ್ಯಾಸಕರ ಒಂದು ಸಣ್ಣ ತೀರ್ಮಾನ ಎಷ್ಟು ದುಬಾರಿಯಾಗಬಲ್ಲದು ಎನ್ನುವುದಕ್ಕೆ ಮೊಟೊರೋಲಾದ ಕೋಲ್ಡ್‌ಫೈರ್ 5307 ಪ್ರಸಿದ್ಧ ಉದಾಹರಣೆ. ಅದರ ಕ್ಯಾಶ್‌ನಲ್ಲಿ ಸೆಟ್ ಎಂಬ ಗುಂಪುಗಳಿವೆ, ಪ್ರತಿ ಸೆಟ್ಟಿಗೂ ನಾಲ್ಕು ಸ್ಥಾನಗಳಿವೆ. ಯಾವ ಸ್ಥಾನದಲ್ಲಿರುವುದನ್ನು ಹೊರಹಾಕಬೇಕೆಂದು ಹೇಳುವ ಕೌಂಟರ್ ಮಾತ್ರ ಎಲ್ಲ ಸೆಟ್ಟುಗಳಿಗೂ ಸೇರಿ ಒಂದೇ. ಹೀಗಾಗಿ ಒಂದು ಸೆಟ್ಟಿನಲ್ಲಿ ಉಳಿದಿರುವುದೇನು ಎನ್ನುವುದು ಉಳಿದೆಲ್ಲ ಸೆಟ್ಟುಗಳಲ್ಲಿ ನಡೆದದ್ದನ್ನು ಅವಲಂಬಿಸುತ್ತದೆ, ವಿಶ್ಲೇಷಣೆಗೆ ಕ್ಯಾಶ್‌ನ ನಾಲ್ಕನೆಯ ಒಂದು ಭಾಗದ ಬಗ್ಗೆ ಮಾತ್ರ ಖಚಿತವಾಗಿ ಏನನ್ನಾದರೂ ಹೇಳಲು ಸಾಧ್ಯವಾಗುತ್ತದೆ. ಸಿಲಿಕಾನ್ ಪೂರ್ತಿ ಇದೆ, ಭರವಸೆ ಕಾಲು ಭಾಗಕ್ಕಷ್ಟೇ. ಬಹಳ ಹಿಂದೆ ಬಳಸಿದ ಸಾಲನ್ನು ಮೊದಲು ಹೊರಹಾಕುವ ಎಲ್‌ಆರ್‌ಯು ಕ್ರಮ ಈ ದೃಷ್ಟಿಯಿಂದ ಎಲ್ಲಕ್ಕಿಂತ ಒಳ್ಳೆಯದು.

1999ರಲ್ಲಿ ಲುಂಡ್‌ಕ್ವಿಸ್ಟ್ ಮತ್ತು ಸ್ಟೆನ್‌ಸ್ಟ್ರೋಮ್ ಎಂಬ ಸ್ವೀಡನ್ನಿನ ಸಂಶೋಧಕರು ಇನ್ನೂ ಅಚ್ಚರಿಯ ಸಂಗತಿಯೊಂದನ್ನು ತೋರಿಸಿದರು: ಸೂಚನೆಗಳನ್ನು ಕ್ರಮ ಬದಲಿಸಿ ನಡೆಸುವ ಪ್ರೊಸೆಸರುಗಳಲ್ಲಿ ಬೇಕಾದದ್ದು ಕ್ಯಾಶ್‌ನಲ್ಲಿ ಸಿಗದೆ ಮಿಸ್ ಆದಾಗಿನದಕ್ಕಿಂತ, ಸಿಕ್ಕಿ ಹಿಟ್ ಆದಾಗಲೇ ಒಟ್ಟು ಸಮಯ ಹೆಚ್ಚಾಗಬಹುದು. ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಕೆಟ್ಟದ್ದನ್ನು ಆರಿಸಿಕೊಂಡರೆ ಒಟ್ಟು ಕೆಟ್ಟದ್ದು ಸಿಗುತ್ತದೆ ಎನ್ನುವ ಸಹಜ ಊಹೆಯೂ ಅಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆಗಾರ್ತಿ
ನಾನು ಬಿ.ಇ. ಮೂರನೆಯ ವರ್ಷದಲ್ಲಿದ್ದೇನೆ. ಬೇಗ ಸಿಕ್ಕಿದ್ದರಿಂದ ತಡವಾಗುವುದು ಹೇಗೆ ಸಾಧ್ಯ? ನಮಗೆ ಕಾಲೇಜಿನಲ್ಲಿ ಹಿಟ್ ಎಂದರೆ ಲಾಭ ಎಂದಷ್ಟೇ ಹೇಳಿಕೊಟ್ಟಿದ್ದಾರೆ.

ಹಳೇ_ಅಸೆಂಬ್ಲಿ
ಒಳ್ಳೆಯ ಪ್ರಶ್ನೆ ಕೇಳಿದಿರಿ, ತಾಯಿ. ಒಂದೇ ಮಿಕ್ಸಿ ಇರುವ ಅಡುಗೆಮನೆಯನ್ನು ಊಹಿಸಿಕೊಳ್ಳಿ. ಚಟ್ನಿಗೆ ರುಬ್ಬಬೇಕು, ಸಾರಿಗೂ ಮಸಾಲೆ ರುಬ್ಬಬೇಕು. ಚಟ್ನಿ ರುಬ್ಬಿದರೆ ಮುಗಿಯಿತು, ಸಾರು ಮಾತ್ರ ರುಬ್ಬಿದ ಮೇಲೂ ಅರ್ಧ ಗಂಟೆ ಕುದಿಯಬೇಕು. ಚಟ್ನಿಯ ಕಾಯಿ ತಡವಾಗಿ ಬಂದ ದಿನ ಮಿಕ್ಸಿ ಖಾಲಿ ಇರುತ್ತದೆ, ಮಸಾಲೆ ಮೊದಲು ಹೋಗುತ್ತದೆ, ಸಾರು ಕುದಿಯುವಾಗ ಚಟ್ನಿಯೂ ಆಗುತ್ತದೆ. ಕಾಯಿ ಬೇಗ ಬಂದ ದಿನ ಮಿಕ್ಸಿಯನ್ನು ಚಟ್ನಿ ಹಿಡಿದುಕೊಂಡಿರುತ್ತದೆ, ಮಸಾಲೆ ಕಾಯುತ್ತದೆ, ಊಟ ತಡವಾಗುತ್ತದೆ. ಪ್ರೊಸೆಸರಿನಲ್ಲಿ ಮಿಕ್ಸಿಯ ಜಾಗದಲ್ಲಿ ಗುಣಾಕಾರದ ಘಟಕ ಇರುತ್ತದೆ. ಡೇಟಾ ಬೇಗ ಬಂದ ಸೂಚನೆಯೊಂದು ಅದನ್ನು ಹಿಡಿದುಕೊಂಡು, ಮುಂದೆ ಉದ್ದದ ಸರಪಳಿಯೇ ಇರುವ ಇನ್ನೊಂದು ಸೂಚನೆಯನ್ನು ಹಿಂದಕ್ಕೆ ತಳ್ಳುತ್ತದೆ.

ಕೆಲಸಗಳನ್ನು ಹಲವು ಯಂತ್ರಗಳಿಗೆ ಹಂಚುವಾಗಲೂ ಹೀಗೆಯೇ ಆಗುತ್ತದೆ, ಪ್ರತಿ ಕೆಲಸದ ಕಾಲ ಕಡಿಮೆಯಾದರೂ ಒಟ್ಟು ಕಾಲ ಹೆಚ್ಚಬಹುದು ಎಂದು ರೊನಾಲ್ಡ್ ಗ್ರಹಾಂ 1960ರ ದಶಕದಲ್ಲೇ ತೋರಿಸಿದ್ದರು.

ಪ್ರಶ್ನೆಗಾರ್ತಿ
ಈಗ ಅರ್ಥವಾಯಿತು, ಧನ್ಯವಾದಗಳು ಸರ್. ಹಾಗಾದರೆ ಎಂ7ನಲ್ಲೂ ಹೀಗೆ ಆಗುತ್ತದೆಯೇ?

ನಿಧಾನವೇ_ಪ್ರಧಾನ
ಎಂ7 ಒಮ್ಮೆಗೆ ಎರಡು ಸೂಚನೆಗಳನ್ನು ಹೊರಡಿಸಬಲ್ಲದಾದರೂ ಅವುಗಳ ಕ್ರಮವನ್ನು ಬದಲಿಸುವುದಿಲ್ಲ. ಮಿಕ್ಸಿಯ ಉದಾಹರಣೆಯ ಆ ರೂಪ ಅಲ್ಲಿ ನೇರವಾಗಿ ಅನ್ವಯಿಸದು. ಆದರೆ ಕೋಡ್ ಮುಂದೆ ಯಾವ ಕಡೆ ತಿರುಗುತ್ತದೆಂದು ಊಹಿಸುವ ಬ್ರಾಂಚ್ ಪ್ರೆಡಿಕ್ಷನ್ ಇದೆ, ಕ್ಯಾಶ್ ಇದೆ, ಹಂಚಿಕೊಂಡ ಬಸ್ ಇದೆ. ಹಿಂದೆ ಏನು ನಡೆದಿತ್ತು ಎನ್ನುವುದು ಮುಂದಿನ ಸಮಯವನ್ನು ಬದಲಿಸಲು ಇಷ್ಟು ಸಾಕು.

ಗ್ಯಾರೇಜ್_ಲ್ಯಾಬ್
ನನ್ನ ಅಭಿಪ್ರಾಯದಲ್ಲಿ ಇಂಥ ಕೆಲಸಕ್ಕೆ ಅಟ್‌ಮೆಗಾ 328 ತರಹದ 8-ಬಿಟ್ ಚಿಪ್ಪೇ ಉತ್ತಮ. ಬಹುಪಾಲು ಸೂಚನೆಗಳು ಒಂದು ಅಥವಾ ಎರಡು ಸೈಕಲ್‌ನಲ್ಲಿ ಮುಗಿಯುತ್ತವೆ, ಕ್ಯಾಶ್ ಇಲ್ಲ, ಪೆನ್ಸಿಲ್ ಹಿಡಿದು ಕೂಡಿಸಿದರೆ ಸಮಯ ಸಿಗುತ್ತದೆ. ನಾನು ಆರ್ಡುಯಿನೊದಲ್ಲಿ ಹೀಗೆಯೇ ಮಾಡುತ್ತೇನೆ.

ತುಮಕೂರು_ಟೈಮರ್
ಸೂಚನೆಗಳ ಎಣಿಕೆ ಸರಿ. ಆದರೆ ಆರ್ಡುಯಿನೊ ಲೈಬ್ರರಿ ನಿಮಗೆ ಹೇಳದೆಯೇ ಟೈಮರ್ 0ರ ಇಂಟರಪ್ಟನ್ನು ಪ್ರತಿ 1.024 ಮಿಲಿಸೆಕೆಂಡಿಗೊಮ್ಮೆ ಓಡಿಸುತ್ತಿರುತ್ತದೆ. ನಿಮ್ಮ ಪೆನ್ಸಿಲ್ ಲೆಕ್ಕದಲ್ಲಿ ಅದೂ ಇದೆಯೇ? 16 ಮೆಗಾಹರ್ಟ್ಸ್‌ನಲ್ಲಿ 10 ಮೈಕ್ರೋಸೆಕೆಂಡ್ ಎಂದರೆ ಬರಿಯ 160 ಸೈಕಲ್. ಇವರ ಕೋಡ್ ಅದರೊಳಗೆ ಹಿಡಿಸುವುದಿಲ್ಲ.

ಬೀಗಲ್_ಬಳಕೆದಾರ
ದೊಡ್ಡ ಪ್ರೊಸೆಸರ್, ಖಚಿತ ಸಮಯ ಎರಡನ್ನೂ ಒಟ್ಟಿಗೆ ಪಡೆಯುವ ದಾರಿಯೂ ಇದೆ. ಬೀಗಲ್‌ಬೋನ್‌ನ ಎಎಂ335ಎಕ್ಸ್ ಚಿಪ್‌ನಲ್ಲಿ ಲಿನಕ್ಸ್ ಓಡಿಸುವ ದೊಡ್ಡ ಕೋರ್ ಜೊತೆಗೆ ಪಿಆರ್‌ಯು ಎಂಬ ಎರಡು ಸಣ್ಣ ಕೋರ್‌ಗಳಿವೆ. 200 ಮೆಗಾಹರ್ಟ್ಸ್ ವೇಗ, ಪೈಪ್‌ಲೈನ್ ಇಲ್ಲ, ಕ್ಯಾಶ್ ಇಲ್ಲ, ಪ್ರತಿ ಸಾಮಾನ್ಯ ಸೂಚನೆಗೂ ಸರಿಯಾಗಿ 5 ನ್ಯಾನೋಸೆಕೆಂಡ್. ತಮ್ಮ ಸ್ವಂತ ಮೆಮೊರಿಯನ್ನು ಬಿಟ್ಟು ಹೊರಗಿನ ಡಿಡಿಆರ್ ಮೆಮೊರಿಯನ್ನು ಓದಲು ಹೋದಾಗ ಮಾತ್ರ ಈ ಭರವಸೆ ಮುರಿಯುತ್ತದೆ. ಬ್ರಿಸ್ಟಲ್‌ನ ಎಕ್ಸ್‌ಮಾಸ್ ಚಿಪ್‌ಗಳೂ ಇದೇ ಮನೋಧರ್ಮದವು. ಅವುಗಳ ಹಿಂದಿರುವ ಡೇವಿಡ್ ಮೇ ಅವರು ಟ್ರಾನ್ಸ್‌ಪ್ಯೂಟರ್ ಎಂಬ ಪ್ರೊಸೆಸರಿನ ವಿನ್ಯಾಸ ಮಾಡಿದವರು.

ಪವರ್_ಬೋರ್ಡ್
ಬೋರ್ಡ್ ಈಗಾಗಲೇ ಫ್ಯಾಬ್ ಆಗಿ ಬಂದಿರುವುದರಿಂದ ಚಿಪ್ ಬದಲಿಸುವ ಸ್ಥಿತಿಯಲ್ಲಿ ನಾನಿಲ್ಲ. ಆದರೂ ಮುಂದಿನ ಪೀಳಿಗೆಗೆ ಬರೆದಿಟ್ಟುಕೊಂಡಿದ್ದೇನೆ.

ಪೆಂಗ್ವಿನ್_ಹುಬ್ಬಳ್ಳಿ
ಲಿನಕ್ಸನ್ನು ರಿಯಲ್-ಟೈಮ್ ಕೆಲಸಕ್ಕೆ ಒಗ್ಗಿಸುವ ಪ್ರೀಎಂಪ್ಟ್-ಆರ್‌ಟಿ ಈಗ ಮುಖ್ಯ ಲಿನಕ್ಸ್‌ನಲ್ಲೇ ಸೇರಿದೆ. 2024ರ 6.12 ಆವೃತ್ತಿಯಿಂದ ಪ್ರತ್ಯೇಕ ಪ್ಯಾಚ್ ಬೇಡ. ಇನ್ನು ಗಡುವು ಒಮ್ಮೆಯೂ ತಪ್ಪಬಾರದ ಹಾರ್ಡ್ ರಿಯಲ್-ಟೈಮ್‌ಗೂ ಅದೇ ಸಾಕಲ್ಲವೇ?

ಮೈಸೂರು_ಮಲ್ಟಿಕೋರ್
ಸೇರಿದ್ದು ನಿಜ, ಇಪ್ಪತ್ತು ವರ್ಷಗಳ ಶ್ರಮ ಅದು. ಆದರೆ ಅದು ಕೊಡುವುದು ಕರ್ನಲ್‌ನೊಳಗೆ ಎಲ್ಲಿ ಬೇಕಾದರೂ ತಡೆದು ಮುಖ್ಯ ಕೆಲಸವನ್ನು ಮುಂದೆ ತರುವ ಅವಕಾಶವನ್ನು. ಕೆಳಗಿರುವ ಹಾರ್ಡ್‌ವೇರಿನ ವರ್ತನೆಯನ್ನು ಅದು ಬದಲಿಸಲಾರದು. ಪಿಸಿ ಮದರ್‌ಬೋರ್ಡುಗಳಲ್ಲಿ ಸಿಸ್ಟಮ್ ಮ್ಯಾನೇಜ್‌ಮೆಂಟ್ ಇಂಟರಪ್ಟ್ ಬಂದಾಗ ಪ್ರೊಸೆಸರ್ ಆಪರೇಟಿಂಗ್ ಸಿಸ್ಟಮ್ಮಿಗೆ ತಿಳಿಯದಂತೆ ಫರ್ಮ್‌ವೇರಿನ ಕೆಲಸಕ್ಕೆ ಹೋಗಿಬಿಡುತ್ತದೆ. ಹಲವು ಕೋರ್‌ಗಳ ಚಿಪ್‌ನಲ್ಲಿ ಪಕ್ಕದ ಕೋರ್ ಹಂಚಿಕೆಯ ಕ್ಯಾಶನ್ನು ತುಂಬಿಸಿದರೆ ನಿಮ್ಮ ಕೋಡ್ ನಿಧಾನವಾಗುತ್ತದೆ, ನಿಮ್ಮದೊಂದು ಅಕ್ಷರವೂ ಬದಲಾಗದಿದ್ದರೂ. ಡಿರ್‍ಯಾಮ್ ತನ್ನಲ್ಲಿರುವ ಡೇಟಾ ಅಳಿಯದಂತೆ ತನ್ನನ್ನು ತಾನು ರಿಫ್ರೆಶ್ ಮಾಡಿಕೊಳ್ಳುವಾಗ, ಸಾಮಾನ್ಯವಾಗಿ 7.8 ಮೈಕ್ರೋಸೆಕೆಂಡಿಗೊಮ್ಮೆ, ಬಂದ ವಿನಂತಿ ಕಾಯಲೇಬೇಕು.

ವಿಮಾನಗಳ ಪ್ರಮಾಣೀಕರಣದವರು ಈ ಕಾರಣಕ್ಕಾಗಿಯೇ 2016ರಲ್ಲಿ ಕಾಸ್ಟ್-32ಎ ಎಂಬ ಪ್ರತ್ಯೇಕ ದಾಖಲೆ ಬರೆದರು. ಕೋರ್‌ಗಳ ನಡುವೆ ಅಡಚಣೆ ಯಾವ ಯಾವ ದಾರಿಯಿಂದ ಬರುತ್ತದೆ, ಅದಕ್ಕೆ ಏನು ಮಾಡಿದ್ದೀರಿ ಎಂದು ತೋರಿಸದೆ ಮುಂದೆ ಹೋಗುವಂತಿಲ್ಲ.

ಹೊಸಬ_1
ಇಸ್ರೋ ತನ್ನ ರಾಕೆಟ್‌ಗಳಲ್ಲಿ 2009ರಿಂದ 16-ಬಿಟ್‌ನ ವಿಕ್ರಮ್ 1601 ಬಳಸುತ್ತಿರುವುದು ಈ ಸಮಯದ ಕಾರಣದಿಂದಲೇ ಇರಬೇಕು.

ಮೈಸೂರು_ಮಲ್ಟಿಕೋರ್
ಅದೊಂದೇ ಕಾರಣ ಎಂದು ಹೇಳುವುದು ಅವಸರವಾಗುತ್ತದೆ. ಕಠಿಣ ವಾತಾವರಣ ತಾಳುವುದು, ದೇಶದಲ್ಲೇ ತಯಾರಿಸಲಾಗುವುದು, ಹಾರಾಟದಲ್ಲಿ ಸಾಬೀತಾಗಿರುವುದು, ಇವೆಲ್ಲವೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಸರಳ ಪ್ರೊಸೆಸರಿನ ಸಮಯವನ್ನು ಲೆಕ್ಕ ಹಾಕುವುದು ಸುಲಭ ಎನ್ನುವುದು ಮಾತ್ರ ನಿಜ.

ಹಳೇ_ಅಸೆಂಬ್ಲಿ
ಪಕ್ಕದವರು ಸಮಯ ಕದಿಯುವ ಮಾತು ಬಂದದ್ದರಿಂದ ನೆನಪಾಯಿತು. 1969ರ ಜುಲೈನಲ್ಲಿ ಅಪೊಲೊ 11ರ ಲೂನಾರ್ ಮಾಡ್ಯೂಲ್ ಚಂದ್ರನ ಮೇಲೆ ಇಳಿಯುವಾಗ ಬಂದ, ಕಂಪ್ಯೂಟರಿಗೆ ಕೆಲಸ ಮಿತಿಮೀರಿದೆ ಎನ್ನುವ 1202 ಎಚ್ಚರಿಕೆಯ ಮೂಲ ಇದೇ. ಕಕ್ಷೆಯಲ್ಲಿರುವ ಮೂಲ ನೌಕೆಯನ್ನು ಗುರುತಿಸುವ ರೆಂಡೆವೂ ರೇಡಾರಿನ ಕಡೆಯಿಂದ ಅನಗತ್ಯ ಪಲ್ಸ್‌ಗಳು ಬರುತ್ತಿದ್ದವು, ಪ್ರತಿ ಪಲ್ಸಿಗೂ ಕೌಂಟರೊಂದನ್ನು ಹೆಚ್ಚಿಸಲು ಕಂಪ್ಯೂಟರ್ ಒಂದು ಮೆಮೊರಿ ಸೈಕಲ್, ಅಂದರೆ ಸುಮಾರು 11.7 ಮೈಕ್ರೋಸೆಕೆಂಡ್, ಬಿಟ್ಟುಕೊಡಬೇಕಾಗಿತ್ತು. ಒಟ್ಟು ಕಾಲದಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಪಾಲು ಹೀಗೆ ಸೋರಿಹೋಯಿತು. ಪ್ರೋಗ್ರಾಮಿನಲ್ಲಿ ಒಂದು ಸೂಚನೆಯೂ ಹೆಚ್ಚಾಗಿರಲಿಲ್ಲ. ಕಡಿಮೆ ಆದ್ಯತೆಯ ಕೆಲಸಗಳನ್ನು ಬಿಟ್ಟು ಮುಖ್ಯವಾದವುಗಳನ್ನು ಮತ್ತೆ ಆರಂಭಿಸುವ ವ್ಯವಸ್ಥೆಯನ್ನು ಮೊದಲೇ ಯೋಚಿಸಿ ಇಟ್ಟಿದ್ದರಿಂದ ಇಳಿಯುವಿಕೆ ನಡೆಯಿತು. ಆ ದೂರದೃಷ್ಟಿಯನ್ನು ನೆನೆದಾಗಲೆಲ್ಲ ನನಗೆ ಅವರ ಬಗ್ಗೆ ಗೌರವ ಉಕ್ಕುತ್ತದೆ.

ಪವರ್_ಬೋರ್ಡ್
ವರದಿ ಕೊಡುತ್ತಿದ್ದೇನೆ. ಫಂಕ್ಷನ್ ಮತ್ತು ವೆಕ್ಟರ್ ಟೇಬಲನ್ನು ಐಟಿಸಿಎಂಗೆ ಸಾಗಿಸಿ, ತುಮಕೂರಿನವರು ಹೇಳಿದಂತೆ ಟೈಮರಿನ ಅಂಚಿನಿಂದ ಅಳೆದೆ. ಎಡಿಸಿಯ ಸ್ಥಿರ ಕಾಲವನ್ನು ಕಳೆದ ಮೇಲೆ ಸಾಮಾನ್ಯವಾಗಿ 1.3, ಗರಿಷ್ಠ 4.7 ಮೈಕ್ರೋಸೆಕೆಂಡ್. ಗಡುವಿನೊಳಗೆ ಬಂದಿದೆ. ಆದರೆ ಮೊದಲಿನ ಹಾಗೆ ಕಣ್ಣುಮುಚ್ಚಿ ಸಂತೋಷಪಡಲು ಈಗ ಮನಸ್ಸು ಬರುತ್ತಿಲ್ಲ. ಆ 3.4 ಎಲ್ಲಿಂದ ಬಂತು?

ಲಿಂಕರ್_ಸ್ಕ್ರಿಪ್ಟ್
3.4 ಎಂದರೆ ನಾಲ್ಕು ಸಾಲುಗಳು. ಕೋಡ್ ಒಳಗೆ ಬಂದರೂ ಅದು ಓದುವ ಯಾವುದೋ ಡೇಟಾ ಇನ್ನೂ ಹೊರಗಿದೆ. ಕಾನ್ಸ್ಟ್, ಅಂದರೆ ಬದಲಾಗದ್ದು, ಎಂದು ಘೋಷಿಸಿದ ಟೇಬಲ್ ಏನಾದರೂ ಇದೆಯೇ?

ಪವರ್_ಬೋರ್ಡ್
ಇದೆ! ಡೆಡ್-ಟೈಮ್ (ಎರಡೂ ಸ್ವಿಚ್ ಆಫ್ ಇರುವ ಕ್ಷಣ) ಸರಿಪಡಿಸುವ 128 ಬೈಟ್‌ನ ಟೇಬಲ್. ಲೆಕ್ಕಕ್ಕೆ ಸರಿಯಾಗಿ ನಾಲ್ಕು ಸಾಲು. ಡಿಟಿಸಿಎಂಗೆ ಸಾಗಿಸಿದ ಮೇಲೆ ಗರಿಷ್ಠ 1.5ಕ್ಕೆ ಇಳಿಯಿತು.

ನಿಧಾನವೇ_ಪ್ರಧಾನ
ತುಂಬಾ ಸಂತೋಷ. ಇನ್ನು ಇಂಟರಪ್ಟ್ ಮುಚ್ಚುವವರನ್ನು ಹುಡುಕಿ. ನೀವು ಫ್ರೀಆರ್‌ಟಿಒಎಸ್ ಎಂಬ ಸಣ್ಣ ಆಪರೇಟಿಂಗ್ ಸಿಸ್ಟಮ್ ಬಳಸುತ್ತಿದ್ದರೆ, ಕರ್ನಲ್ ತನ್ನ ಸೂಕ್ಷ್ಮ ಭಾಗಗಳಲ್ಲಿ ಬೇಸ್‌ಪ್ರೈ ರಿಜಿಸ್ಟರಿನ ಮೂಲಕ ಒಂದು ಮಟ್ಟದವರೆಗಿನ ಇಂಟರಪ್ಟ್‌ಗಳನ್ನು ಮಾತ್ರ ತಡೆಯುತ್ತದೆ. ಕಂಟ್ರೋಲ್ ಇಂಟರಪ್ಟನ್ನು ಆ ಮಟ್ಟಕ್ಕಿಂತ ಹೆಚ್ಚಿನ ಆದ್ಯತೆಯಲ್ಲಿಟ್ಟರೆ ಕರ್ನಲ್ ಅದನ್ನು ಎಂದೂ ಮುಟ್ಟದು. ಅದರ ಬೆಲೆಯೆಂದರೆ, ಆ ಫಂಕ್ಷನ್ನಿನೊಳಗಿಂದ ಕರ್ನಲ್‌ನ ಯಾವ ಸೇವೆಯನ್ನೂ ಕರೆಯುವಂತಿಲ್ಲ.

ಫೀಲ್ಡ್_ಎಂಜಿನಿಯರ್
ಇದನ್ನು ನಾನೂ ಒಪ್ಪುತ್ತೇನೆ. ಯಾರೋ ಬರೆದ ಡ್ರೈವರ್ ಎಲ್ಲ ಇಂಟರಪ್ಟ್‌ಗಳನ್ನೂ ಒಟ್ಟಿಗೆ ಮುಚ್ಚಿ ಫ್ಲಾಶ್ ಅಳಿಸುತ್ತಾ ಕೂತಿದ್ದನ್ನು ಕಂಡುಹಿಡಿಯಲು ನನಗೆ ಒಮ್ಮೆ ಒಂದು ತಿಂಗಳು ಹಿಡಿದಿತ್ತು.

ಪವರ್_ಬೋರ್ಡ್
ಆದ್ಯತೆಯನ್ನು ಮೇಲಕ್ಕೆ ತಂದಿದ್ದೇನೆ. ಶನಿವಾರ ಮತ್ತು ಭಾನುವಾರ ಪೂರ್ತಿ ಓಡಿಸಿದೆ. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಒಂದು ಸುತ್ತು 3.1 ತೋರಿಸಿದೆ, ಅದೂ ಚಾರ್ಜರ್ ಸ್ಥಿರ ಕರೆಂಟಿನಿಂದ ಸ್ಥಿರ ವೋಲ್ಟೇಜಿಗೆ ಬದಲಾಗುವ ಕ್ಷಣದಲ್ಲಿ.

ಲಿಂಕರ್_ಸ್ಕ್ರಿಪ್ಟ್
ಆ ಕ್ಷಣದಲ್ಲಿ ಮಾತ್ರ ಓಡುವ ದಾರಿಯೊಂದು ಫಂಕ್ಷನ್ನಿನಲ್ಲಿದೆ ಎಂದಾಯಿತು. ಇನ್ನು ಸ್ಕೋಪ್ ನೋಡುತ್ತಾ ಕೂರಬೇಡಿ, ಡಿಸ್‌ಅಸೆಂಬ್ಲಿ (ಕಂಪೈಲರ್ ಕೊಟ್ಟ ಸೂಚನೆಗಳ ಪಟ್ಟಿ) ತೆರೆಯಿರಿ. ಐಟಿಸಿಎಂ ವಿಳಾಸ ಸೊನ್ನೆಯ ಹತ್ತಿರ, ಹೊರಗಿನ ಫ್ಲಾಶ್ ಬಹಳ ದೂರ. ಅಷ್ಟು ದೂರ ಒಂದೇ ಬ್ರಾಂಚ್ ಸೂಚನೆ ತಲುಪುವುದಿಲ್ಲವಾದ್ದರಿಂದ ಲಿಂಕರ್ ನಡುವೆ ವೆನೀರ್ ಎಂಬ ಸಣ್ಣ ತುಣುಕನ್ನು ಸೇರಿಸುತ್ತದೆ. ಮ್ಯಾಪ್ ಫೈಲ್‌ನಲ್ಲಿ ಆ ಹೆಸರನ್ನು ಹುಡುಕಿ, ನಿಮ್ಮ ಫಂಕ್ಷನ್ ಹೊರಗೆ ಯಾರನ್ನು ಕರೆಯುತ್ತಿದೆ ಎಂದು ಸಿಗುತ್ತದೆ. ಹಾಗೆ ಒಂದಾದರೂ ಕರೆ ಇದ್ದರೆ ಬಿಲ್ಡ್ ವಿಫಲವಾಗುವಂತೆ ಒಂದು ಸ್ಕ್ರಿಪ್ಟ್ ಬರೆದುಬಿಡಿ. ಕಾಣದ ಸಮಯವನ್ನು ವಾರಗಟ್ಟಲೆ ಕಾಯುವುದಕ್ಕಿಂತ ಅದು ಉಂಟಾಗುವ ದಾರಿಯನ್ನೇ ಮುಚ್ಚುವುದು ಒಳ್ಳೆಯದು.

ಪವರ್_ಬೋರ್ಡ್
ಸಿಕ್ಕಿತು. ಮೋಡ್ ಬದಲಾದಾಗ ಒಂದು ಸ್ಟ್ರಕ್ಟನ್ನು (ಹಲವು ಬೆಲೆಗಳ ಗುಂಪು) ಇನ್ನೊಂದಕ್ಕೆ ಪ್ರತಿ ಮಾಡುವ ಒಂದೇ ಸಾಲಿನ ಸಿ ಕೋಡ್ ಇತ್ತು. ಕಂಪೈಲರ್ ಅದನ್ನು ಲೈಬ್ರರಿಯ ಮೆಮ್‌ಕಾಪಿ ಫಂಕ್ಷನ್ನಿನ ಕರೆಯಾಗಿ ಬದಲಿಸಿದೆ, ಆ ಮೆಮ್‌ಕಾಪಿ ಹೊರಗಿನ ಫ್ಲಾಶ್‌ನಲ್ಲಿದೆ. ನಾನು ಬರೆದ ಸಾಲಿನಲ್ಲಿ ಕರೆಯೇ ಇರಲಿಲ್ಲವಾದ್ದರಿಂದ ಇನ್ನೂ ಒಂದು ವರ್ಷ ಕೋಡ್ ಓದಿದ್ದರೂ ನನಗೆ ಕಾಣುತ್ತಿರಲಿಲ್ಲ. ಸ್ಟ್ರಕ್ಟನ್ನು ಪ್ರತಿ ಮಾಡುವ ಬದಲು ಮೊದಲೇ ಎರಡು ಪ್ರತಿಗಳನ್ನು ಡಿಟಿಸಿಎಂನಲ್ಲಿಟ್ಟು ಪಾಯಿಂಟರ್ ಮಾತ್ರ ಬದಲಿಸುವಂತೆ ಮಾಡಿದೆ. ಸ್ಕ್ರಿಪ್ಟನ್ನೂ ಬಿಲ್ಡ್‌ಗೆ ಸೇರಿಸಿದ್ದೇನೆ. ಈಗ ಡಿಸ್‌ಅಸೆಂಬ್ಲಿಯನ್ನು ಮುದ್ರಿಸಿಕೊಂಡು ಅತಿ ಉದ್ದದ ದಾರಿಯ ಸೂಚನೆಗಳನ್ನು ಒಂದೊಂದಾಗಿ ಎಣಿಸುತ್ತಾ ಕುಳಿತಿದ್ದೇನೆ. ಎಡಿಸಿ ರಿಜಿಸ್ಟರ್ ಓದುವಾಗ ಡಿಸ್‌ಪ್ಲೇಯ ಡಿಎಂಎ ಬಸ್ ಹಿಡಿದಿದ್ದರೆ ಎಷ್ಟು ಕಾಯಬೇಕು ಎನ್ನುವ ಒಂದು ಸಂಖ್ಯೆ ಮಾತ್ರ ಬಾಕಿ ಇದೆ.

ನಿಧಾನವೇ_ಪ್ರಧಾನ
ಅದನ್ನು ಇಲ್ಲಿಯೇ ಹಾಕಿ, ಒಟ್ಟಿಗೆ ಲೆಕ್ಕ ಮಾಡೋಣ. ಡಿಎಂಎ ಬರ್ಸ್ಟಿನ (ಬಸ್ ಬಿಡದೆ ಒಮ್ಮೆಗೆ ಸಾಗಿಸುವ ತುಂಡು) ಉದ್ದ ಎಷ್ಟು ಇಟ್ಟಿದ್ದೀರಿ?